ಪೈಥಾನ್‌ನಲ್ಲಿ ಟೈಪ್ (ವ್ಯಾಲ್ಯೂ ಯಾವ ಬಗೆಯದು ಅಂತ) ಬರೆದಿದ್ದರೂ ತಪ್ಪು ವ್ಯಾಲ್ಯೂ ಕೊಟ್ಟಾಗ ಎರರ್ ಯಾಕೆ ಬರಲ್ಲ?

ಯಾಕಂದ್ರೆ ಪೈಥಾನ್ ಆ ಟೈಪನ್ನು ಓದಿ ಪಕ್ಕಕ್ಕಿಡುತ್ತದೆ, ಅಷ್ಟೇ. ವಯಸ್ಸಿನ ವೇರಿಯಬಲ್‌ಗೆ ಇಂಟ್ (ಪೂರ್ಣಾಂಕ) ಅಂತ ಬರೆದು "ಇಪ್ಪತ್ತು" ಅನ್ನೋ ಸ್ಟ್ರಿಂಗ್ (ಅಕ್ಷರಗಳ ಸಾಲು) ಹಾಕಿ ನೋಡಿ, ಪ್ರೋಗ್ರಾಂ ಆರಾಮಾಗಿ ಓಡುತ್ತದೆ. ಅದಕ್ಕೆ 1 ಕೂಡಿಸಲು ಹೋದಾಗಲೇ ಟೈಪ್‌ಎರರ್ ಬರೋದು.

2015ರಲ್ಲಿ ಪೈಥಾನ್ 3.5 ಜೊತೆ ಹೀಗೆ ಟೈಪ್ ಬರೆಯುವ ಸೌಲಭ್ಯವಾದ ಟೈಪ್ ಹಿಂಟ್‌ಗಳು ಬಂದಾಗಲೇ ಹೀಗೆ ತೀರ್ಮಾನವಾಗಿತ್ತು: ಬೇಕಾದವರು ಬರೆಯಲಿ, ಯಾರಿಗೂ ಕಡ್ಡಾಯ ಬೇಡ. ತಪ್ಪು ಹಿಡಿಯೋದು ಮೈಪೈ, ಪೈರೈಟ್‌ನಂಥ ಬೇರೆ ಟೂಲ್‌ಗಳ ಕೆಲಸ. ಓಡಿಸುವ ಮೊದಲೇ ಕೋಡ್ ನೋಡಿ ಹೇಳುತ್ತವೆ.

ಆದರೆ ಒಂದು ಮಾತು. ಟೈಪೇ ಬರೆಯದ ಫಂಕ್ಷನ್‌ನ ಒಳಗೆ ಮೈಪೈ, ನೀವು ಹೇಳದ ಹೊರತು, ಇಣುಕುವುದೇ ಇಲ್ಲ. ಹಳೆಯ ದೊಡ್ಡ ಪ್ರಾಜೆಕ್ಟ್‌ಗೆ ಇದೇ ಅನುಕೂಲ, ಅಲ್ವಾ? ಸ್ವಲ್ಪ ಸ್ವಲ್ಪವಾಗಿ ಸೇರಿಸಬಹುದು. ಹೊಸದಾದರೆ ಮೊದಲಿಂದಲೇ ಮೈಪೈಯ ಸ್ಟ್ರಿಕ್ಟ್ ಮೋಡ್ (ಕಟ್ಟುನಿಟ್ಟಾಗಿ ನೋಡುವ ಸೆಟ್ಟಿಂಗ್) ಹಾಕಿಕೊಳ್ಳಿ, ಆಮೇಲೆ ಹಾಕೋದು ಜಾಸ್ತಿ ಕಷ್ಟ.