ಬೆಲೆ ಕಡಿಮೆಯಿದ್ದರೂ ಒಳ್ಳೆಯ ಬೇಸ್ ಗಿಟಾರ್ ಸಿಗುತ್ತದೆಯೇ?

ಪ್ರಶ್ನೆ: ಎಂಟು ತಿಂಗಳಿಂದ ಸ್ನೇಹಿತನ ಬೇಸ್ ಗಿಟಾರಿನಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಈಗ ಸ್ವಂತಕ್ಕೊಂದನ್ನು ಕೊಳ್ಳಬೇಕೆಂದಿದ್ದೇನೆ. ಕೈಯಲ್ಲಿರುವ ಹಣಕ್ಕೆ ಆರಂಭಿಕರ ಶ್ರೇಣಿಯ ವಾದ್ಯಗಳು ಮಾತ್ರ ಎಟುಕುತ್ತವೆ. ‘ಅಗ್ಗದ್ದನ್ನು ಕೊಂಡವರು ಎರಡು ಸಲ ಕೊಳ್ಳಬೇಕಾಗುತ್ತದೆ, ಇನ್ನೆರಡು ವರ್ಷ ತಡೆದು ಒಳ್ಳೆಯದನ್ನೇ ತೆಗೆದುಕೋ’ ಎಂದು ನಮ್ಮ ಬ್ಯಾಂಡಿನ ಹಿರಿಯರೊಬ್ಬರು ಹೇಳುತ್ತಾರೆ. ಬೆಲೆಯನ್ನು ಮೀರಿದ ಗುಣವುಳ್ಳ ಬೇಸ್‌ಗಳು ನಿಜವಾಗಿಯೂ ಇವೆಯೇ? ಇದ್ದರೆ ಅವನ್ನು ಗುರುತಿಸುವುದು ಹೇಗೆ?

ಉತ್ತರ: ಇವೆ. ಕಲಿಯುವ ಹಂಬಲ ಬಿಸಿಯಾಗಿರುವಾಗ ಎರಡು ವರ್ಷ ಸ್ವಂತ ವಾದ್ಯವಿಲ್ಲದೆ ಕಳೆಯುವುದರಿಂದ ಆಗುವ ನಷ್ಟವು ಅಗ್ಗದ ವಾದ್ಯದಿಂದ ಆಗಬಹುದಾದ ನಷ್ಟಕ್ಕಿಂತ ದೊಡ್ಡದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಹಾಗೆಂದು ನಿಮ್ಮ ಹಿರಿಯರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅವರು ಕಲಿತ ಕಾಲದಲ್ಲಿ ಆರಂಭಿಕರಿಗೆಂದು ಮಾರುತ್ತಿದ್ದ ಅನೇಕ ಬೇಸ್‌ಗಳು ಶ್ರುತಿಯಲ್ಲಿ ನಿಲ್ಲುತ್ತಿರಲಿಲ್ಲ, ತಂತಿಗಳು ಬೆರಳು ನೋಯುವಷ್ಟು ಎತ್ತರದಲ್ಲಿರುತ್ತಿದ್ದವು. ಆ ಅನುಭವದಿಂದ ಬಂದ ಎಚ್ಚರಿಕೆ ಅದು. ಆದರೆ ಅಂದಿನ ಅಗ್ಗದ ಬೇಸ್ ಬೇರೆ, ಇಂದಿನದು ಬೇರೆ.

ಇದಕ್ಕೆ ಕಾರಣ ಈ ವಾದ್ಯದ ಹುಟ್ಟಿನಲ್ಲೇ ಇದೆ. ಅಮೆರಿಕದ ಲಿಯೋ ಫೆಂಡರ್ ಅವರು ಪ್ರಿಸಿಷನ್ ಬೇಸ್ ಅನ್ನು 1951ರಲ್ಲಿ ಹೊರತಂದರು. ನಿಂತು ನುಡಿಸಬೇಕಾದ, ಸಾಗಿಸಲು ಕಷ್ಟವಾದ, ಬ್ಯಾಂಡಿನ ಗದ್ದಲದಲ್ಲಿ ಕೇಳಿಸದೆ ಹೋಗುತ್ತಿದ್ದ ಡಬಲ್ ಬೇಸಿಗೆ ಅದು ಪರಿಹಾರವಾಗಿತ್ತು. ಬೆರಳಿಡುವ ಹಲಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳು, ಅಂದರೆ ಫ್ರೆಟ್‌ಗಳು, ಇರುವುದರಿಂದ ಸ್ವರವು ನಿಖರವಾಗಿ ಬೀಳುತ್ತದೆ ಎಂಬುದನ್ನೇ ಅದರ ಹೆಸರು ಸೂಚಿಸುತ್ತದೆ. ಗಟ್ಟಿ ಮರದ ಹಲಗೆಯೇ ಒಡಲು. ನೆಕ್ ಅನ್ನು, ಅಂದರೆ ಎಡಗೈ ಹಿಡಿಯುವ ಉದ್ದನೆಯ ಕತ್ತನ್ನು, ಬೇರೆಯಾಗಿ ಮಾಡಿ ಒಡಲಿಗೆ ಸ್ಕ್ರೂಗಳಿಂದ ಬಿಗಿಯುತ್ತಾರೆ. ತಂತಿಯ ಕಂಪನವನ್ನು ನಾದವಾಗಿಸುವ ಕೆಲಸವನ್ನು ಪಿಕಪ್ಪಿನ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ವಹಿಸಿಕೊಳ್ಳುತ್ತವೆ. ಪಿಟೀಲಿನಲ್ಲಿ ಮೇಲುಹಲಗೆಯ ದಪ್ಪವನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡಿ ನಾದವನ್ನು ತಿದ್ದುವ ಕುಶಲಕರ್ಮಿ ಬೇಕು. ಫೆಂಡರ್ ಅವರು ರೂಪಿಸಿದ ವಾದ್ಯ ಮೊದಲ ದಿನದಿಂದಲೇ ಕಾರ್ಖಾನೆಗೆಂದು ಯೋಚಿಸಿ ಮಾಡಿದ್ದು. ಆದ್ದರಿಂದ ಕಡಿಮೆ ಬೆಲೆಯ ಬೇಸ್ ಅನ್ನು ದುಬಾರಿ ವಾದ್ಯದ ಕಳಪೆ ನಕಲು ಎಂದು ಭಾವಿಸಬೇಕಾಗಿಲ್ಲ. ಅದೇ ವಿನ್ಯಾಸವನ್ನು ಕಡಿಮೆ ಖರ್ಚಿನಲ್ಲಿ ಮಾಡಲಾಗಿದೆ, ಅಷ್ಟೆ. ಇಂದು ಇಂಡೋನೇಷ್ಯಾ ಮತ್ತು ಚೀನಾದ ಕಾರ್ಖಾನೆಗಳಲ್ಲಿ ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಮರವನ್ನು ಕೊರೆಯುತ್ತವೆ, ಮತ್ತು ಆ ಯಂತ್ರಕ್ಕೆ ತಾನು ಕೊರೆಯುತ್ತಿರುವುದು ಅಗ್ಗದ ಒಡಲೋ ದುಬಾರಿ ಒಡಲೋ ಎಂಬ ಭೇದವಿಲ್ಲ.

ಹಾಗಾದರೆ ಉಳಿತಾಯವಾಗುವುದು ಎಲ್ಲಿ ಎಂದು ನೀವು ಕೇಳಬಹುದು. ಮರದ ಆಯ್ಕೆಯಲ್ಲಿ, ಬಿರಡೆಯ ಮತ್ತು ಒಡಲ ಮೇಲೆ ತಂತಿಗಳು ಕೂರುವ ಬ್ರಿಡ್ಜ್‌ನ ಲೋಹದಲ್ಲಿ, ವಾಲ್ಯೂಮ್ ಮತ್ತು ಟೋನ್ ಗುಂಡಿಗಳ ಕೆಳಗಿರುವ ಪೊಟೆನ್ಶಿಯೋಮೀಟರಿನಲ್ಲಿ, ಪಿಕಪ್ಪಿನ ಅಯಸ್ಕಾಂತದಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಮನುಷ್ಯನ ಕೈಕೆಲಸದ ಗಂಟೆಗಳಲ್ಲಿ. ಫ್ರೆಟ್‌ಗಳ ತುದಿಯನ್ನು ಉಜ್ಜಿ ನಯಗೊಳಿಸುವುದು, ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ನಟ್ ಎಂಬ ಪಟ್ಟಿಯ ತೋಡುಗಳನ್ನು ಸರಿಯಾದ ಆಳಕ್ಕೆ ಉಜ್ಜುವುದು, ತಂತಿಗಳ ಎತ್ತರವನ್ನು ಹೊಂದಿಸುವುದು ನಿಧಾನವಾಗಿ ಆಗುವ ಕೆಲಸಗಳು. ಕಡಿಮೆ ಬೆಲೆಯ ವಾದ್ಯದಲ್ಲಿ ಇವು ಅರ್ಧಕ್ಕೆ ನಿಂತಿರುತ್ತವೆ. ಸಂತೋಷದ ಸಂಗತಿಯೆಂದರೆ ಈ ಅರ್ಧ ಕೆಲಸವನ್ನು ಕೊಂಡ ನಂತರವೂ ಪೂರ್ಣಗೊಳಿಸಬಹುದು. ಬಿರಡೆ ಬದಲಿಸಬಹುದು, ಪಿಕಪ್ ಬದಲಿಸಬಹುದು, ನಟ್ ಅನ್ನಂತೂ ಹೊಸದಾಗಿಯೇ ಮಾಡಿಸಬಹುದು. ಕೆಟ್ಟ ನೆಕ್ ಬಂದರೆ ಮಾತ್ರ ಬದಲಿ ನೆಕ್ಕಿನ ಖರ್ಚು ವಾದ್ಯದ ಬೆಲೆಯ ಹತ್ತಿರಕ್ಕೇ ಬರಬಹುದು. ಆದ್ದರಿಂದ ಕೊಳ್ಳುವಾಗ ನಿಮ್ಮ ಗಮನದ ಮುಕ್ಕಾಲು ಪಾಲು ನೆಕ್ಕಿನ ಮೇಲೆ ಇರಲಿ.

ನೆಕ್ ಪರೀಕ್ಷೆಗೆ ಹತ್ತು ನಿಮಿಷ ಸಾಕು. ವಾದ್ಯವನ್ನು ಶ್ರುತಿ ಮಾಡಿದ ಮೇಲೆ ಒಡಲಿನ ಕಡೆಯಿಂದ ಒಂದು ಕಣ್ಣು ಮುಚ್ಚಿ ಫಿಂಗರ್‌ಬೋರ್ಡಿನ ಎರಡೂ ಅಂಚುಗಳ ಉದ್ದಕ್ಕೂ ದೃಷ್ಟಿ ಹಾಯಿಸಿ. ಎರಡೂ ಅಂಚುಗಳು ಒಂದೇ ರೀತಿಯಲ್ಲಿ ಹೋಗಬೇಕು; ಒಂದು ಏರಿ ಇನ್ನೊಂದು ಇಳಿದಂತೆ ಕಂಡರೆ ನೆಕ್ ತಿರುಚಿಕೊಂಡಿದೆ ಎಂದರ್ಥ, ಅದನ್ನು ಅಲ್ಲಿಯೇ ಬಿಟ್ಟುಬಿಡಿ. ಅನಂತರ ಅತ್ಯಂತ ದಪ್ಪನಾದ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿದು, ಏಳು ಅಥವಾ ಎಂಟನೆಯ ಫ್ರೆಟ್‌ನ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಎಡೆಯಿದೆ ಎಂದು ನೋಡಿ. ವಿಸಿಟಿಂಗ್ ಕಾರ್ಡ್ ಒಂದು ಸುಲಭವಾಗಿ ತೂರುವಷ್ಟು, ಅಂದರೆ ಸುಮಾರು 0.3 ಮಿಲಿಮೀಟರ್ ಇದ್ದರೆ ಚೆನ್ನ. ಹೆಚ್ಚೋ ಕಡಿಮೆಯೋ ಆಗಿದ್ದರೆ ಗಾಬರಿ ಬೇಡ. ನೆಕ್ಕಿನೊಳಗಿನ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುವುದೇ ಇದನ್ನು ಸರಿಪಡಿಸಲು. ಅದನ್ನು ಕಾಲು ಸುತ್ತು ತಿರುಗಿಸಿ ತೋರಿಸುವಂತೆ ಮಾರುವವರನ್ನೇ ಕೇಳಿ. ಅದು ತಿರುಗಬೇಕು, ತಿರುಗಿದ್ದಕ್ಕೆ ನೆಕ್ ಸ್ಪಂದಿಸಬೇಕು. ಕೊನೆಗೆ ನಾಲ್ಕೂ ತಂತಿಗಳಲ್ಲಿ ಪ್ರತಿಯೊಂದು ಫ್ರೆಟ್ ಅನ್ನೂ ನುಡಿಸಿ ಕೇಳಿ. ಅತ್ಯಂತ ತೆಳುವಾದ ಜಿ ತಂತಿಯ ಐದರಿಂದ ಏಳನೆಯ ಫ್ರೆಟ್‌ಗಳ ಆಸುಪಾಸಿನಲ್ಲಿ ಒಂದು ಸ್ವರ ಬೇಗನೆ ಸತ್ತುಹೋಗುವುದು ಈ ಬಗೆಯ ಬೇಸ್‌ಗಳಲ್ಲಿ ಸಾಮಾನ್ಯ, ದುಬಾರಿ ವಾದ್ಯಗಳಲ್ಲೂ ಇದು ಉಂಟು. ಆದರೆ ಒಂದೇ ಮಾದರಿಯ ಎರಡು ವಾದ್ಯಗಳು ಎದುರಿಗಿದ್ದರೆ ಆ ದೋಷ ಕಡಿಮೆಯಿರುವುದನ್ನು ಆರಿಸಿಕೊಳ್ಳಿ.

ಸೆಟಪ್, ಅಂದರೆ ನೆಕ್, ನಟ್ ಮತ್ತು ತಂತಿಯ ಎತ್ತರವನ್ನು ಹೊಂದಿಸುವ ಕೆಲಸ, ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನನ್ನ ವಿದ್ಯಾರ್ಥಿಯೊಬ್ಬ ಹೊಸ ಬೇಸ್ ತಂದು, ‘ಸರ್, ಖಾಲಿ ತಂತಿ ಶ್ರುತಿಯಲ್ಲಿದೆ, ಮೊದಲ ಫ್ರೆಟ್ ಒತ್ತಿದರೆ ಅಪಸ್ವರ, ಇದನ್ನು ಹಿಂದಿರುಗಿಸಲೇ?’ ಎಂದು ಕೇಳಿದ. ಇ ತಂತಿಯನ್ನು ಮೂರನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು ಮೊದಲ ಫ್ರೆಟ್‌ನ ಮೇಲೆ ನೋಡಿದೆ. ಕಾಗದದ ಹಾಳೆಯೊಂದು ಹೋಗುವಷ್ಟು ಎಡೆ ಇರಬೇಕಾದ ಕಡೆ ದಪ್ಪ ರಟ್ಟು ನುಸುಳುವಷ್ಟಿತ್ತು. ನಟ್‌ನ ತೋಡು ಸಾಕಷ್ಟು ಆಳವಾಗಿರಲಿಲ್ಲ. ಆದ್ದರಿಂದ ಫ್ರೆಟ್ ಮುಟ್ಟಿಸಲು ಅವನು ತಂತಿಯನ್ನು ಬಹಳ ಕೆಳಕ್ಕೆ ಒತ್ತಬೇಕಾಗುತ್ತಿತ್ತು, ಹಾಗೆ ಒತ್ತಿದಾಗ ತಂತಿ ಎಳೆದುಕೊಂಡು ಸ್ವರ ಏರುತ್ತಿತ್ತು. ದುಂಡನೆಯ ಸಣ್ಣ ಅರದಿಂದ ನಾಲ್ಕೈದು ಬಾರಿ ಉಜ್ಜುವುದು, ತಂತಿ ಕೂರಿಸಿ ನೋಡುವುದು, ಮತ್ತೆ ಉಜ್ಜುವುದು, ಹೀಗೆ ಅರ್ಧ ಗಂಟೆ ಕಳೆಯಿತು. ಮೊದಲ ಫ್ರೆಟ್‌ನ ಎಫ್ ಸ್ವರ ತನ್ನ ಜಾಗದಲ್ಲಿ ಬಂದು ಕುಳಿತಾಗ ಆ ಹುಡುಗನ ಮುಖ ಅರಳಿದ್ದನ್ನು ನಾನು ಮರೆತಿಲ್ಲ. ಆ ವಾದ್ಯ ಇಂದಿಗೂ ಅವನ ಬಳಿ ಇದೆ, ವೇದಿಕೆಯಲ್ಲಿ ಅದನ್ನೇ ನುಡಿಸುತ್ತಾನೆ.

ಆದ್ದರಿಂದ ನಿಮ್ಮ ಹಣವನ್ನೆಲ್ಲ ವಾದ್ಯದ ಮೇಲೆಯೇ ಸುರಿಯಬೇಡಿ. ಐದರಲ್ಲೊಂದು ಪಾಲನ್ನು ತೆಗೆದಿರಿಸಿ, ಬಲ್ಲವರ ಕೈಯಲ್ಲಿ ಒಮ್ಮೆ ಸೆಟಪ್ ಮಾಡಿಸಿ, ಹೊಸ ತಂತಿ ಹಾಕಿಸಿ. ಹನ್ನೆರಡನೆಯ ಫ್ರೆಟ್‌ನ ಮೇಲೆ ತಂತಿಯ ಎತ್ತರ ಇ ಕಡೆ ಸುಮಾರು 2.5 ಮಿಲಿಮೀಟರ್, ಜಿ ಕಡೆ ಸುಮಾರು 2 ಮಿಲಿಮೀಟರ್ ಇದ್ದರೆ ಹೆಚ್ಚಿನವರ ಕೈಗೆ ಹಿತವಾಗಿರುತ್ತದೆ.

ಈಗ ಹೆಸರುಗಳಿಗೆ ಬರೋಣ. ಮೊದಲ ಬೇಸ್‌ಗೆ ನಾನು ಹೆಚ್ಚು ಸಲ ಹೇಳುವುದು ಯಮಾಹಾ ಸಂಸ್ಥೆಯ ಟಿಆರ್‌ಬಿಎಕ್ಸ್ 174 ಮತ್ತು ಬಿಬಿ 234 ಮಾದರಿಗಳನ್ನು. ಎರಡರಲ್ಲೂ ನಡುವೆ ಪ್ರಿಸಿಷನ್ ಬಗೆಯ ಪಿಕಪ್, ಬ್ರಿಡ್ಜ್‌ನ ಬಳಿ ಫೆಂಡರ್‌ನ ಇನ್ನೊಂದು ಮಾದರಿಯಾದ ಜಾಝ್ ಬೇಸ್ ಬಗೆಯ ಪಿಕಪ್ ಇದ್ದು, ಒಂದೇ ವಾದ್ಯದಲ್ಲಿ ಎರಡು ಸ್ವಭಾವದ ನಾದ ಸಿಗುತ್ತದೆ. ಇವುಗಳಲ್ಲಿ ನಾನು ಕಂಡ ನೆಕ್‌ಗಳು ಒಂದರಂತೆ ಇನ್ನೊಂದು ಇದ್ದುವು, ಅದು ಈ ಶ್ರೇಣಿಯಲ್ಲಿ ದೊಡ್ಡ ಗುಣ. ಫೆಂಡರ್ ಸಂಸ್ಥೆಯದೇ ಕಡಿಮೆ ಬೆಲೆಯ ಬ್ರಾಂಡ್ ಸ್ಕ್ವೈಯರ್. ಅದರ ಅಫಿನಿಟಿ ಸರಣಿಯಲ್ಲಿ ಸೆರಾಮಿಕ್ ಅಯಸ್ಕಾಂತದ ಪಿಕಪ್‌ಗಳೂ, ಒಂದು ಮೆಟ್ಟಿಲು ಮೇಲಿನ ಕ್ಲಾಸಿಕ್ ವೈಬ್ ಸರಣಿಯಲ್ಲಿ ಆಲ್ನಿಕೋ ಎಂಬ ಮಿಶ್ರಲೋಹದ ಅಯಸ್ಕಾಂತದ ಪಿಕಪ್‌ಗಳೂ ಇರುತ್ತವೆ. ಸ್ವಲ್ಪ ಹಿಗ್ಗಿಸಿದರೆ ಕ್ಲಾಸಿಕ್ ವೈಬ್ ಎಟುಕುವಂತಿದ್ದರೆ ಹಿಗ್ಗಿಸಿ. ಬೆಲೆಯನ್ನು ಮೀರಿದ ವಾದ್ಯ ಎಂಬ ಮಾತು ನನ್ನ ಲೆಕ್ಕದಲ್ಲಿ ಅದಕ್ಕೆ ಸರಿಯಾಗಿ ಒಪ್ಪುತ್ತದೆ. ಐಬನೆಜ್‌ನ ಎಸ್‌ಆರ್ 300ಇ ಹಗುರ, ಅದರ ನೆಕ್ ತೆಳು, ಬೆರಳು ಚುರುಕಾಗಿ ಓಡಬೇಕೆನ್ನುವವರಿಗೆ ಅದು ಇಷ್ಟವಾಗುತ್ತದೆ. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇಯ ಗಡಸು, ಸ್ಪಷ್ಟ ದನಿ ನಿಮಗೆ ಬೇಕಿದ್ದರೆ ಅದೇ ಮನೆತನದ ಸ್ಟರ್ಲಿಂಗ್ ರೇ 4 ನೋಡಿ. ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಅವರ ಹೆಸರಿನಲ್ಲಿ ಸೈರ್ ಸಂಸ್ಥೆ ತರುತ್ತಿರುವ ವಾದ್ಯಗಳಲ್ಲಿ ಎಲೆಕ್ಟ್ರಾನಿಕ್ಸ್ ಉದಾರವಾಗಿದೆ, ಆದರೆ ಕೆಲವು ತೂಕವಾಗಿರುತ್ತವೆ, ಹೆಗಲಿಗೆ ಹಾಕಿಕೊಂಡು ನೋಡದೆ ಕೊಳ್ಳಬೇಡಿ. ಹೆಗಲಿಗೆ ಹಾಕಿಕೊಂಡಾಗ ಕೈಬಿಟ್ಟರೆ ತಲೆ ನೆಲದ ಕಡೆ ವಾಲುವ ಬೇಸ್ ಕೂಡ ಬೇಡ. ಎಡಗೈ ಸ್ವರ ಹಿಡಿಯುವುದನ್ನು ಬಿಟ್ಟು ನೆಕ್ ಹೊರುವ ಕೆಲಸಕ್ಕೆ ನಿಲ್ಲಬೇಕಾಗುತ್ತದೆ.

ಇನ್ನೊಂದು ಮಾತು. ಕೊಂಡ ಮೇಲೆ ‘ದನಿಯಲ್ಲಿ ತೂಕವಿಲ್ಲ’ ಎಂದು ಅನ್ನಿಸಿದರೆ ವಾದ್ಯವನ್ನು ದೂರುವ ಮೊದಲು ಆಂಪ್ಲಿಫೈಯರನ್ನು ನೋಡಿ. ಖಾಲಿ ಇ ತಂತಿಯ ಮೂಲ ಕಂಪನ ಸೆಕೆಂಡಿಗೆ ಸುಮಾರು 41. ಅಂಗೈಯಗಲದ ಸ್ಪೀಕರ್ ಆ ಮಂದ್ರವನ್ನು ಹೊರಡಿಸಲಾರದು. ಅಲ್ಲಿ ನೀವು ಕೇಳುವುದು ಬಹುಪಾಲು ಅದರ ಜೊತೆಗೇ ಹುಟ್ಟುವ, ಹೆಚ್ಚು ಕಂಪನದ ಉಪಸ್ವರಗಳನ್ನು. ಮನೆಯ ಅಭ್ಯಾಸಕ್ಕೆ ಸಣ್ಣ ಆಂಪ್ಲಿಫೈಯರಿಗಿಂತ ಒಳ್ಳೆಯ ಹೆಡ್‌ಫೋನ್ ಮೇಲು.

ಪ್ರಶ್ನೆ: ಆ್ಯಕ್ಟಿವ್ ಬೇಸ್ ಕೊಳ್ಳಬೇಕೋ ಪ್ಯಾಸಿವ್ ಬೇಸ್ ಕೊಳ್ಳಬೇಕೋ ತಿಳಿಯುತ್ತಿಲ್ಲ. ಒಂದೇ ಬೆಲೆಗೆ ಐದಾರು ಗುಂಡಿಗಳಿರುವ ಆ್ಯಕ್ಟಿವ್ ಮಾದರಿ ಸಿಗುತ್ತಿರುವಾಗ ಎರಡೇ ಗುಂಡಿಗಳಿರುವ ಪ್ಯಾಸಿವ್ ಕೊಳ್ಳುವುದು ನಷ್ಟವಲ್ಲವೇ?

ಉತ್ತರ: ಆ್ಯಕ್ಟಿವ್ ಬೇಸ್‌ನ ಒಳಗೆ ನಾದವನ್ನು ಹಿಗ್ಗಿಸಿ ತಿದ್ದುವ, ಬ್ಯಾಟರಿಯಿಂದ ನಡೆಯುವ ಪ್ರಿಆಂಪ್ ಸರ್ಕ್ಯೂಟ್ ಇರುತ್ತದೆ, ಪ್ಯಾಸಿವ್‌ನಲ್ಲಿ ಇರುವುದಿಲ್ಲ. ಬೆಲೆ ಒಂದೇ ಆಗಿರುವಾಗ ಆ ಸರ್ಕ್ಯೂಟಿನ ಖರ್ಚನ್ನು ತಯಾರಕರು ಬೇರೆ ಯಾವುದೋ ಭಾಗದಿಂದ ತೆಗೆದಿರುತ್ತಾರೆ. ಅದು ಎಲ್ಲಿಂದ ಎಂದು ಹೊರಗೆ ಕಾಣುವುದಿಲ್ಲ. ಆರಂಭಿಕ ಶ್ರೇಣಿಯಲ್ಲಿ ನಾನು ಪ್ಯಾಸಿವ್ ಕಡೆಗೇ ವಾಲುತ್ತೇನೆ: ಕೆಡುವ ಭಾಗಗಳು ಕಡಿಮೆ, ಬ್ಯಾಟರಿಯ ಚಿಂತೆಯಿಲ್ಲ, ಮತ್ತು ನಾದವನ್ನು ಗುಂಡಿಯಿಂದ ಬದಲಿಸುವ ಬದಲು ಬೆರಳಿನಿಂದ ಬದಲಿಸುವುದನ್ನು ಕೈ ಕಲಿಯುತ್ತದೆ. ಮೋಟೌನ್ ಸಂಸ್ಥೆಯ ಧ್ವನಿಮುದ್ರಣಗಳಲ್ಲಿ ನುಡಿಸಿದ ಜೇಮ್ಸ್ ಜೇಮರ್‌ಸನ್ ಅವರ ಪ್ರಸಿದ್ಧ ವಾದ್ಯ 1962ರ ಪ್ರಿಸಿಷನ್ ಬೇಸ್. ಅದರಲ್ಲಿ ಇದ್ದದ್ದು ಒಂದು ಪಿಕಪ್, ಒಂದು ವಾಲ್ಯೂಮ್, ಒಂದು ಟೋನ್. ನುಣುಪು ಸುತ್ತಿನ ಫ್ಲಾಟ್‌ವೂಂಡ್ ತಂತಿಗಳನ್ನು ಹಾಕಿ, ಅವು ತುಂಡಾಗುವವರೆಗೂ ಬದಲಿಸುತ್ತಿರಲಿಲ್ಲ ಎಂಬುದು ಅವರ ಬಗ್ಗೆ ಎಲ್ಲರೂ ಹೇಳುವ ಮಾತು. ಆ್ಯಕ್ಟಿವ್ ಮಾದರಿಯನ್ನೇ ಮೆಚ್ಚಿದ್ದರೆ ಖಂಡಿತ ಕೊಳ್ಳಿ, ಆದರೆ ನುಡಿಸಿ ಮುಗಿದೊಡನೆ ಕೇಬಲ್ ಕಳಚಿಡಿ. ಕೇಬಲ್ ಜ್ಯಾಕ್‌ನಲ್ಲಿ ಇರುವಷ್ಟು ಹೊತ್ತೂ ಸರ್ಕ್ಯೂಟ್ ಚಾಲೂ ಇದ್ದು 9 ವೋಲ್ಟಿನ ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತದೆ.

ಪ್ರಶ್ನೆ: ಹೊಸ ಅಗ್ಗದ ಬೇಸ್‌ನ ಬೆಲೆಗೆ ಬಳಸಿದ ಒಳ್ಳೆಯ ಬೇಸ್ ಸಿಗುತ್ತಿದೆ. ಧೈರ್ಯ ಮಾಡಬಹುದೇ?

ಉತ್ತರ: ಮಾಡಬಹುದು. ಒಡಲ ಮೇಲಿನ ಗೀರು, ಬಣ್ಣ ಎದ್ದಿರುವುದು ಬೆಲೆಯನ್ನು ಇಳಿಸುತ್ತವೆ, ನಾದವನ್ನಲ್ಲ. ಗುಂಡಿ ತಿರುಗಿಸಿದಾಗ ಕರಕರ ಸದ್ದು ಬಂದರೂ ಕ್ಲೀನರ್ ಸಿಂಪಡಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ನೋಡಬೇಕಾದ್ದು ಮೂರು ಕಡೆ. ಟ್ರಸ್ ರಾಡಿನ ತಿರುಪು ಸವೆದು ಕೀಲಿ ಜಾರುತ್ತಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ. ಮೊದಲ ಐದು ಫ್ರೆಟ್‌ಗಳಲ್ಲಿ ತಂತಿ ಕೂತು ಆಳವಾದ ಗುಳಿ ಬಿದ್ದಿದ್ದರೆ ಫ್ರೆಟ್ ಕೆಲಸದ ಖರ್ಚನ್ನು ಬೆಲೆಯಲ್ಲಿ ಕಳೆಯಲು ಕೇಳಿ. ನೆಕ್ ಒಡಲಿಗೆ ಕೂಡುವ ಜಾಗದಲ್ಲಿ ಬಣ್ಣದ ಮೇಲೆ ಕಾಣುವ ಸಣ್ಣ ಬಿರುಕು ಹೆಚ್ಚಾಗಿ ಬಣ್ಣದ್ದೇ ಆಗಿರುತ್ತದೆ, ಆದರೆ ಉಗುರಿನಿಂದ ಒತ್ತಿದಾಗ ಮರ ಅಲುಗಿದರೆ ಬೇಡ.

ಪ್ರಶ್ನೆ: ನನ್ನ ಬೆರಳುಗಳು ಗಿಡ್ಡ. ಮೊದಲ ಫ್ರೆಟ್‌ಗಳಲ್ಲಿ ಕೈ ಚಾಚಲು ಕಷ್ಟವಾಗುತ್ತದೆ. ಬೇಸ್ ನನಗಲ್ಲವೇನೋ ಎನ್ನಿಸುತ್ತಿದೆ.

ಉತ್ತರ: ದಯವಿಟ್ಟು ಹಾಗೆ ಭಾವಿಸಬೇಡಿ. ಸಾಮಾನ್ಯ ಬೇಸ್‌ನಲ್ಲಿ ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿಯ ಉದ್ದ 34 ಇಂಚು. ಇದಕ್ಕಿಂತ ಗಿಡ್ಡದಾದ, 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್‌ಗಳೂ ಇವೆ; ಸ್ಕ್ವೈಯರ್ ಬ್ರಾಂಕೋ ಆ ಅಳತೆಯದು, ಐಬನೆಜ್ ಮೈಕ್ರೋ ಇನ್ನೂ ಗಿಡ್ಡ, 28.6 ಇಂಚು. ಇವುಗಳಲ್ಲಿ ಫ್ರೆಟ್‌ಗಳ ನಡುವಿನ ಅಂತರ ಕಿರಿದು, ತಂತಿಯ ಬಿಗಿತವೂ ಕಡಿಮೆ. ದೊಡ್ಡ ಅಳತೆಯಲ್ಲೇ ಮುಂದುವರಿಯುವುದಾದರೆ ನಟ್‌ನ ಬಳಿ ಸುಮಾರು 38 ಮಿಲಿಮೀಟರ್ ಅಗಲವಿರುವ ಜಾಝ್ ಬಗೆಯ ನೆಕ್ ಆರಿಸಿಕೊಳ್ಳಿ, ಮತ್ತು ಮೊದಲ ಫ್ರೆಟ್‌ಗಳಲ್ಲಿ ಬೆರಳಿಗೊಂದು ಫ್ರೆಟ್ ಎಂಬ ಹಟ ಬಿಟ್ಟು, ಡಬಲ್ ಬೇಸ್ ವಾದಕರಂತೆ ತೋರುಬೆರಳು, ನಡುಬೆರಳು ಮತ್ತು ಕಿರುಬೆರಳುಗಳಿಂದ ಮೂರು ಫ್ರೆಟ್‌ಗಳನ್ನಷ್ಟೇ ಹಿಡಿದು, ಅಗತ್ಯ ಬಿದ್ದಾಗ ಇಡೀ ಕೈಯನ್ನೇ ಜರುಗಿಸಿ.