ಹಡಗಿನ ಕಾನೂನು ಬರೆದು ಕಳಿಸಿದವರಿಗೆ

ವಕೀಲ ಮಿತ್ರರೇ,

'ಹಡಗು ಹಾಳು ಮಾಡಿದರೆ ಏನು ಶಿಕ್ಷೆ?' ಎಂಬ ನಿಮ್ಮ ಲೇಖನ ಓದಿದೆ. ಭಾರತೀಯ ನ್ಯಾಯ ಸಂಹಿತೆಯ 327 ಮತ್ತು 328ನೇ ಕಲಂಗಳ ಬಗ್ಗೆ ಕನ್ನಡದಲ್ಲಿ ಬರೆದಿದ್ದೀರಿ, ಸಂತೋಷ. ಭಾಷೆ ತಿಳಿಯಾಗಿದೆ. ಹಳೆಯ ದಂಡ ಸಂಹಿತೆಯ 437 ಮತ್ತು 438 ಈಗ 327ರಲ್ಲಿ ಸೇರಿವೆ, ರೈಲು, ವಿಮಾನಗಳೂ ಅದರೊಳಗೆ ಬಂದಿವೆ ಎಂದು ಸರಿಯಾಗಿಯೇ ಹೇಳಿದ್ದೀರಿ. ಆದರೆ ಇದನ್ನು ಹೀಗೇ ಅಚ್ಚು ಹಾಕಲಾರೆ.

ಮೊದಲ ಮೂರು ಪ್ಯಾರಾ ಪೂರ್ತಿ ಕ್ಷಮೆ ಕೇಳಿದ್ದೀರಿ. 'ಸಮುದ್ರವೇ ಇಲ್ಲದ ಕೊಡಗಿನವರಿಗೆ ಇದೆಲ್ಲ ಯಾಕೆ ಎನ್ನಬಹುದು...' ಯಾರು ಅಂದರು? ನಮ್ಮ ತೋಟದ ಕಾಫಿ ಕ್ಯೂರಿಂಗ್ ವರ್ಕ್ಸ್‌ನಿಂದ ಮಂಗಳೂರಿಗೆ ಇಳಿದು, ಅಲ್ಲಿ ಹಡಗು ಹತ್ತಿ ಇಟಲಿ, ಜರ್ಮನಿಗೆ ಹೋಗುತ್ತದೆ. ಆ ಹಡಗಿನ ಕ್ಷೇಮ ಬೆಳೆಗಾರನಿಗೂ ಬೇಕು ಅಲ್ವಾ? ಮೂರೂ ಪ್ಯಾರಾ ತೆಗೆದುಬಿಡಿ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ನಾಲ್ಕನೇ ಪ್ಯಾರಾ ನೋಡಿ. 'ಹಡಗಿಗೆ ಹಾನಿ ಮಾಡಿದವರಿಗೆ 10 ವರ್ಷ ಜೈಲು ಶಿಕ್ಷೆ ವಿಧಿಸಲಾಗುತ್ತದೆ.' ಬಂದರಿನಲ್ಲಿ ಕ್ರೇನ್ ನಡೆಸುವವನ ಕೈತಪ್ಪಿ ಕಂಟೇನರ್ ಡೆಕ್ಕಿನ ಮೇಲೆ ಬಿತ್ತು ಅನ್ನಿ. ಹಾನಿ ಆಯಿತು. ನಿಮ್ಮ ವಾಕ್ಯ ಅವನನ್ನು ಜೈಲಿಗೆ ಕಳಿಸುತ್ತದೆ, 327 ಕಳಿಸುವುದಿಲ್ಲ. ಹಡಗನ್ನು ನಾಶ ಮಾಡುವ ಅಥವಾ ಅಪಾಯಕ್ಕೆ ಒಡ್ಡುವ ಉದ್ದೇಶ ಇತ್ತಾ? ಹಾಗಾಗುವ ಸಾಧ್ಯತೆ ಗೊತ್ತಿದ್ದೂ ಮಾಡಿದನಾ? ಆ ಕಲಂ ಕೇಳುವುದು ಇದನ್ನೇ. ಇನ್ನೊಬ್ಬ ರಾತ್ರಿ ಎಂಜಿನ್ ರೂಮಿಗೆ ಇಳಿದು, ಸಮುದ್ರದ ನೀರು ಒಳಗೆ ಬರುವ ವಾಲ್ವನ್ನು ಬೇಕಂತಲೇ ತೆರೆದಿಟ್ಟ. ನೀರು ಏರಿ ಯಂತ್ರ ಕೆಟ್ಟಿತು. ಅಷ್ಟರಲ್ಲಿ ಯಾರೋ ನೋಡಿ ಮುಚ್ಚಿದರು, ಹಡಗು ಮುಳುಗಲಿಲ್ಲ. ಆದರೂ ಇವನು 327ಕ್ಕೆ ಸಿಕ್ಕಿಬೀಳುತ್ತಾನೆ. ಈ ಇಬ್ಬರ ನಡುವಿನ ವ್ಯತ್ಯಾಸ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಅದೇ ವಾಕ್ಯದಲ್ಲಿ '10 ವರ್ಷ' ಅಂದಿದ್ದೀರಿ. ಕಾನೂನು ಹೇಳುವುದು 10 ವರ್ಷದವರೆಗೆ, ಜೊತೆಗೆ ದಂಡ. ಬೆಂಕಿ ಅಥವಾ ಸ್ಫೋಟಕ ಬಳಸಿದ್ದರೆ ಜೀವಾವಧಿ ಶಿಕ್ಷೆಯನ್ನೂ ಕೊಡಬಹುದು. ಆ ದೊಡ್ಡ ಸಂಗತಿಯನ್ನು ಕೊನೆಯಲ್ಲಿ ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ.

ಮುಂದಿನ ವಾಕ್ಯ: 'ದುಬಾರೆಯಲ್ಲಿ ಯಾರಾದರೂ ರಾಫ್ಟ್‌ಗೆ ಚಾಕು ಹಾಕಿದರೂ ಇದೇ ಕಲಂ.' ಅಲ್ಲ. ಹಡಗಿಗೆ ಡೆಕ್ ಇರಬೇಕು, ಇಲ್ಲದಿದ್ದರೆ 20 ಟನ್ ಅಥವಾ ಅದಕ್ಕಿಂತ ಜಾಸ್ತಿ ಭಾರ ಹೊರುವಂಥದ್ದಾಗಿರಬೇಕು. ಕಾವೇರಿಯ ರಬ್ಬರ್ ರಾಫ್ಟ್‌ಗೆ ಎರಡೂ ಇಲ್ಲ. ಅದು ಬೇರೆಯವರ ಆಸ್ತಿಗೆ ಬೇಕಂತಲೇ ಹಾನಿ ಮಾಡುವುದರ ಬಗ್ಗೆ ಇರುವ 324ನೇ ಕಲಂನ ಮಾತು. ನಷ್ಟ 20,000 ರೂಪಾಯಿಯಿಂದ 1 ಲಕ್ಷದೊಳಗೆ ಇದ್ದರೆ 2 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಊರಿನ ಉದಾಹರಣೆ ಕೊಟ್ಟದ್ದು ಒಳ್ಳೆಯದೇ. ಆದರೆ ಅದನ್ನು ಓದಿದ ರಾಫ್ಟ್ ಮಾಲೀಕ ನಾಳೆ ಠಾಣೆಗೆ ಹೋಗಿ ಏನಂತ ಕೇಳಬೇಕು?

ನಾನು ಕೆಲಸ ಕಲಿತದ್ದು ಮಡಿಕೇರಿಯ ಕೋರ್ಟ್ ವರದಿಗಳನ್ನು ಬರೆದು. ಪಕ್ಕದ ತೋಟದ ಕರಿಮೆಣಸಿನ ಬಳ್ಳಿ ಕಡಿದ ಕೇಸು, ಬೇಲಿ ಕಿತ್ತ ಕೇಸು, ಇಂಥವೇ ಜಾಸ್ತಿ. ಪುಟ ನೋಡಿಕೊಳ್ಳುತ್ತಿದ್ದ ಹಿರಿಯರು ನಾನು ಪೆನ್ನು ಹಿಡಿಯುವ ಮೊದಲೇ ಕೇಳುತ್ತಿದ್ದರು: "ಬಳ್ಳಿ ಯಾರದು ಅಂತ ಅವನಿಗೆ ಗೊತ್ತಿತ್ತಾ? ಪ್ರಾಸಿಕ್ಯೂಷನ್ ಅದನ್ನು ಹೇಗೆ ತೋರಿಸ್ತು?" ಉತ್ತರ ಇಲ್ಲದಿದ್ದರೆ ಮತ್ತೆ ಕೋರ್ಟಿಗೆ ಹೋಗಿ ಫೈಲು ನೋಡಿ ಬರಬೇಕು. ಮಳೆಗಾಲದಲ್ಲಿ ಆ ಏರು ಹತ್ತಿ ಇಳಿಯುವಾಗ ಬೇಜಾರಾಗುತ್ತಿತ್ತು. ಆದರೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಈಗ ನಿಮ್ಮನ್ನೂ ಕೇಳುತ್ತಿದ್ದೇನೆ.

328ರಿಂದಲೇ ಶುರು ಮಾಡಿ ನೋಡಿ. ಬಿರುಗಾಳಿಗೆ ಸಿಕ್ಕ ಕ್ಯಾಪ್ಟನ್ ಜನರ ಜೀವ ಉಳಿಸಲು ಹಡಗನ್ನು ದಡಕ್ಕೆ ಹತ್ತಿಸುತ್ತಾನೆ. ಇನ್ನೊಬ್ಬ ಅದೇ ದಡಕ್ಕೆ, ಒಳಗಿನ ಮಾಲು ಕದಿಯಲು ಹತ್ತಿಸುತ್ತಾನೆ. ಮೊದಲನೆಯವನಿಗೆ 328 ತಾಗುವುದಿಲ್ಲ, ಎರಡನೆಯವನಿಗೆ 10 ವರ್ಷದವರೆಗೆ ಜೈಲು. ಇದನ್ನು ಬಿಡಿಸಿ ಬರೆದರೆ ಓದುಗರು ಕೊನೆವರೆಗೂ ಬರುತ್ತಾರೆ.

ಹೊಸ ಸಂಹಿತೆ ಜಾರಿಯಾದದ್ದು 2024ರ ಜುಲೈ 1ರಂದು. ಅದಕ್ಕೆ ಮೊದಲು ನಡೆದ ಕೃತ್ಯಕ್ಕೆ ಹಳೆಯ ಸಂಹಿತೆಯೇ ಅನ್ವಯ ಎಂಬ ಒಂದು ಸಾಲನ್ನೂ ಸೇರಿಸಿ. ತಿದ್ದಿ ನನ್ನ ಹೆಸರಿಗೇ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಖಾಲಿ ಇಟ್ಟಿರುತ್ತೇನೆ.