ಹನ್ನೊಂದು ದಿನದ ಕೂಲಿ

ಮನುಷ್ಯರಿಗೆ ಕೊಡಬೇಕಾದ ಬಾಕಿಯನ್ನು ದೇವರಿಗೆ ಕಟ್ಟಿ ಚುಕ್ತಾ ಮಾಡಿಕೊಳ್ಳಲು ನೋಡುವವರು ಸಲಹೆಗಾರನಾದ ನನ್ನ ಬಳಿ ಮತ್ತೆ ಮತ್ತೆ ಬರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿರುವುದು. ಗುರುತು ಸಿಗದಂತೆ ವಿವರ ಬದಲಿಸಿದೆ.

ದಾವಣಗೆರೆಯ ಕಟ್ಟಡ ಮೇಸ್ತ್ರಿ, ಕ್ಯಾಥೊಲಿಕ್. ಚರ್ಚಿನಲ್ಲಿ ಭಾನುವಾರದ ಬಲಿಪೂಜೆ (ಮಾಸ್) ತಪ್ಪಿಸಿದವರಲ್ಲ. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯಮಾತೆ ಮರಿಯಮ್ಮನವರ ಸನ್ನಿಧಿಗೆ ಸುಮಾರು 14 ಕಿ.ಮೀ. ನಡೆದೇ ಹೋಗುವವರು. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಬಿಪಿ, ಶುಗರ್, ಥೈರಾಯ್ಡ್ ಎಲ್ಲ ಪರೀಕ್ಷೆ ಆಗಿತ್ತು.

ಮೂರನೇ ಭೇಟಿಯಲ್ಲಿ ಬಾಯಿಬಿಟ್ಟರು: "ಲಾಕ್‌ಡೌನ್‌ನಾಗೆ ಒಬ್ಬ ಹೆಣ್ಣಾಳಿನ ಕೂಲಿ ಉಳಿಸ್ಕೊಂಡೆ. ಚರ್ಚಿನ ಗುರುಗಳ ಮುಂದೆ ಪಾಪನಿವೇದನೆ ಮಾಡೀನಿ. ಹಬ್ಬದ ಅನ್ನದಾನಕ್ಕೆ ಹತ್ತು ಸಾವಿರ ಬರೆಸೀನಿ. ಆದ್ರೂ ಮನಸ್ಸಿಂದ ಹೋಗ್ತಿಲ್ರೀ."

ಮುಂದಿನ ಸಲ ಹಾಜರಿ ಪುಸ್ತಕ ತರಲು ಹೇಳಿದೆ. 2020ರ ಮಾರ್ಚ್ ಪುಟ. ಆಕೆಯ ಹೆಸರಿನ ಮುಂದೆ ಹನ್ನೊಂದು ಗೀಟು, ದಿನಕ್ಕೆ 450. ಬಟವಾಡೆಯ ಕಲಮಿನಲ್ಲಿ ದುಡ್ಡಿನ ಬದಲು "ಊರಿಗೆ ಹೋದಳು" ಎಂಬ ಎರಡು ಪದ. ಮಾತಾಡುವಷ್ಟು ಹೊತ್ತೂ ಅವರ ಹೆಬ್ಬೆರಳು ಆ ಸಾಲನ್ನು ಮುಚ್ಚಿಕೊಂಡೇ ಇತ್ತು. "ಆಕೆ ಕೇಳಲೇ ಇಲ್ವಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಹೆಂಗೆ ಕೇಳ್ತಾಳೆ, ಫೋನ್ ನಾನೇ ಎತ್ಲಿಲ್ಲ" ಎಂದರು. ಬೆರಳು ಆಗ ಸರಿಯಿತು.

ಅನ್ನದಾನದ ಹಣ ನಿಲ್ಲಿಸಿ, ಮೊದಲು ಆಕೆಗೆ ಕೊಡಿ ಎಂದೆ. ಇದು ಗುರುಗಳ ಕೆಲಸ, ಸಲಹೆಗಾರರದ್ದಲ್ಲ ಎಂದು ಆಕ್ಷೇಪಿಸಿದವರಿದ್ದಾರೆ. ಒಪ್ಪುವುದಿಲ್ಲ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಸಹೋದರನೊಡನೆ ಸರಿಮಾಡಿಕೊ ಎನ್ನುತ್ತದೆ ಬೈಬಲಿನ ಮತ್ತಾಯ 5:23-24. ಕ್ಷಮಾಪಣೆಯಿಂದ ಪಾಪ ಹೋದರೂ ಆದ ಹಾನಿ ತಾನಾಗಿ ಸರಿಹೋಗದು, ಕದ್ದದ್ದನ್ನು ಹಿಂದಿರುಗಿಸಬೇಕು ಎಂಬುದು ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥದ 1459ನೇ ಕಂಡಿಕೆ. ಕೂಲಿಗೆ ಮಾಡಿದ ಅನ್ಯಾಯವನ್ನು ಅದೇ ಗ್ರಂಥ ಪರಲೋಕಕ್ಕೆ ಮೊರೆಯಿಡುವ ಪಾಪಗಳ ಸಾಲಿನಲ್ಲಿಟ್ಟಿದೆ. ನಿದ್ದೆ ಮಾತ್ರೆಯಿಂದ ಈ ಮೊರೆಯನ್ನು ಅಡಗಿಸುವುದು ಚಿಕಿತ್ಸೆಯಲ್ಲ.

ಆದರೆ ಎಲ್ಲರಿಗೂ ಇದೇ ಸಲಹೆ ಕೊಡಬಾರದು. ನಿಜವಾದ ತಪ್ಪಿಗೆ ಒಂದು ಹೆಸರು, ತಾರೀಖು, ಮೊತ್ತ ಇರುತ್ತದೆ. ಇವತ್ತು ಒಂದು, ನಾಳೆ ಇನ್ನೊಂದು ಎಂದು ಪಾಪ ಹುಡುಕುತ್ತಾ, ಕ್ಷಮೆ ಸಿಕ್ಕರೂ ಮತ್ತೆ ಮತ್ತೆ ನಿವೇದನೆಗೆ ಓಡುವವರದ್ದು ಗೀಳು ಕಾಯಿಲೆ ಇರಬಹುದು. ಅವರನ್ನು ಮನೋವೈದ್ಯರ ಬಳಿ ಕಳಿಸಬೇಕು. ಪ್ರಾಯಶ್ಚಿತ್ತ ಹೆಚ್ಚಿಸಿದರೆ ಗೀಳೂ ಹೆಚ್ಚುತ್ತದೆ.

ಮೊತ್ತ ಹಳೆ ದರದಲ್ಲಿ 4,950. ನೀವು ಈಗ ಕೊಡುತ್ತಿರುವ 650ರ ದರದಲ್ಲೇ 7,150 ಕೊಡಿ, ಹಣದ ಬೆಲೆ ಇಳಿದ ನಷ್ಟ ಆಕೆಯ ಮೇಲೆ ಬೀಳಬಾರದು ಎಂದೆ. ಆಕೆ ಸಿಗದಿದ್ದರೆ ವಾರಸುದಾರರಿಗೆ, ಅವರೂ ಇಲ್ಲದಿದ್ದರೆ ಮಾತ್ರ ಬಡವರಿಗೆ. ನೀವೇ ಹೋಗಿ, ಹೆಂಡತಿಯನ್ನು ಜೊತೆಗೆ ಕರೆದೊಯ್ಯಿರಿ. "ನಿಮ್ಮ ಕೂಲಿ ಉಳಿಸಿಕೊಂಡಿದ್ದೆ, ತಪ್ಪು ನನ್ನದು, ತಗೊಳ್ಳಿ." ಅಷ್ಟೇ. "ಆದರೆ ಲಾಕ್‌ಡೌನ್ ಇತ್ತು" ಎಂದರೆ ಎಲ್ಲ ಕೆಟ್ಟಿತು. ಕ್ಷಮಿಸಿ ಎಂದು ಒತ್ತಾಯಿಸಬೇಡಿ, ಅದು ಇನ್ನೊಂದು ಹೊರೆ. ಪ್ರಾರ್ಥನೆಗೆ ಕರೆಯಬೇಡಿ, ಫೋಟೊ ಬೇಡ, ಪ್ರಾರ್ಥನಾಕೂಟದಲ್ಲಿ ಎದ್ದು ಸಾಕ್ಷಿ ಹೇಳುವುದೂ ಬೇಡ. ಬಹಳ ಜನ ಎಡವುವುದು ಇಲ್ಲೇ: ಹಿಂದಿರುಗಿಸಿದ್ದನ್ನು ದಾನ ಮಾಡಿದಂತೆ ಹೇಳಿಕೊಳ್ಳುತ್ತಾರೆ.

ಜಗಳೂರು ಕಡೆಯ ಹಳ್ಳಿಗೆ ಹೋಗಿಬಂದರು. ಆಕೆ ಬೈಯಲಿಲ್ಲ, ಅಳಲಿಲ್ಲ. ನೋಟು ಎಣಿಸಿ, "ಹನ್ನೊಂದಲ್ಲ, ಹನ್ನೆರಡು. ಮೋಲ್ಡ್ ಹಾಕಿದ ದಿನ ಬರ್ಕೊಂಡಿಲ್ಲ ನೀವು" ಎಂದಳಂತೆ. ಜೇಬಲ್ಲಿ ಅಷ್ಟು ಇರಲಿಲ್ಲ.

"ಇನ್ನೊಂದು ದಿನದ್ದಕ್ಕೆ ಮತ್ತೆ ಹೋಗಬೇಕಾ?" ಎಂದು ಕೇಳಿದರು. ಈ ಶನಿವಾರದ ಬಟವಾಡೆಗೆ ಮೊದಲೇ ಹೋಗಿಬನ್ನಿ ಎಂದೆ.